ಎರಡು ವರ್ಷ ಓಡಿಸಿದ ಮೇಲೆ: ಆರ್‌ಸಿ ಕಾರಿನ ರಿಮೋಟು, ಸರ್ವೋ, ಇಎಸ್‌ಸಿ

ಈ ಸಲ ಪುಣೆಯಲ್ಲಿ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಧಾರವಾಡದ ಕಡೆಯವರೊಬ್ಬರು ಕೇಳಿದರು: "ಮಗಗ ಆರ್‌ಸಿ ಗಾಡಿ ಕೊಡಸಬೇಕ್ರಿ, ಯಾವ ಮೋಟರ್ ಚಲೋ?" ಆರ್‌ಸಿ ಎಂದರೆ ರೇಡಿಯೊ ರಿಮೋಟಿನಿಂದ ಓಡಿಸುವ ಆಟದ ಕಾರು. ಮೋಟರ್ ಆಮೇಲೆ ನೋಡೋಣ, ಮೊದಲು ರಿಮೋಟ್ ಯಾವುದು ಅಂತ ಕೇಳ್ರಿ ಎಂದೆ. ಅಲ್ಲಿ ನಿಂತು ಹೇಳಿದ್ದು ಅರ್ಧ, ಉಳಿದದ್ದು ಇಲ್ಲಿದೆ.

ನಮ್ಮದು ವಾರಜೆಯಲ್ಲಿ ಮನೆ. ಅಣ್ಣನ ಮಗನಿಗೆ ಹನ್ನೊಂದು ತುಂಬಿದಾಗ ಇಬ್ಬರೂ ಸೇರಿ 1/10 ಅಳತೆಯ ಬಗ್ಗಿ ಕಟ್ಟಿದೆವು. ದುಡ್ಡೆಲ್ಲ ಗಾಡಿಗೇ ಹೋಯಿತು, ರೇಡಿಯೊ ಸೆಟ್ ಮಾತ್ರ ಅಗ್ಗದ್ದು ತಂದೆ. ಮೂರನೇ ಭಾನುವಾರ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹುಡುಗ ಕಿರುಚಿದ: "ಕಾಕಾ, ನಾ ಏನೂ ಒತ್ತಿಲ್ಲ, ತಾನ ಓಡಾಕತ್ತೈತಿ!" ಗಾಡಿ ಪೂರಾ ವೇಗದಲ್ಲಿ ಹೋಗಿ ಕಾಂಪೌಂಡ್ ಗೋಡೆಗೆ ಬಡಿಯಿತು. ಎರಡು ಮಾರು ಆಚೆ ವಾಚ್‌ಮನ್‌ನ ಚಿಕ್ಕ ಮಗಳು ಕೂತು ಆಡುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಗ್ನಲ್ ಕಡಿದುಹೋದಾಗ ಆ ಸೆಟ್ಟಿನ ರಿಸೀವರ್ (ರಿಮೋಟಿನ ಆಜ್ಞೆ ಹಿಡಿಯಲು ಗಾಡಿಯೊಳಗಿರುವ ಪೆಟ್ಟಿಗೆ) ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತಿತ್ತು. ವೇಗ ಕೊಡುವ ಟ್ರಿಗರ್ ಎಳೆದಿದ್ದಾಗ ಕಡಿದರೆ ಎಳೆದಂತೆಯೇ ಲೆಕ್ಕ. ಇದನ್ನು ತಡೆಯುವ ಏರ್ಪಾಟಿಗೆ ಫೇಲ್‌ಸೇಫ್ ಎನ್ನುತ್ತಾರೆ. ಸಂಪರ್ಕ ತಪ್ಪಿದ ಕೂಡಲೇ ಥ್ರಾಟಲ್, ಅಂದರೆ ವೇಗದ ಆಜ್ಞೆ, ನ್ಯೂಟ್ರಲ್‌ಗೆ ಬಂದು ಮೋಟರ್ ಓಡುವುದು ನಿಲ್ಲಬೇಕು. ಅದಿಲ್ಲದ ಸೆಟ್ಟನ್ನು ಮಕ್ಕಳ ಕೈಗೆ ಕೊಡಲೇಬಾರದು.

ಆಮೇಲೆ ತಂದದ್ದು ಫ್ಲೈಸ್ಕೈ ಜಿಟಿ5. ಪಿಸ್ತೂಲಿನ ಆಕಾರದ 2.4 ಗಿಗಾಹರ್ಟ್ಜ್ ರಿಮೋಟು, 6 ಚಾನಲ್, ಜತೆಗೆ ಬಿಎಸ್6 ರಿಸೀವರ್. ಕಾರಿಗೆ ಬೇಕಾಗುವುದು ಎರಡೇ ಚಾನಲ್, ಸ್ಟಿಯರಿಂಗಿಗೆ ಒಂದು, ಥ್ರಾಟಲ್‌ಗೆ ಒಂದು. ಆದ್ದರಿಂದ ಚಾನಲ್ ಎಣಿಸಿ ಕೊಳ್ಳಬೇಡಿ. ಫೇಲ್‌ಸೇಫ್ ಸೆಟ್ ಮಾಡಿದ ಮೇಲೆ ಗಾಡಿಯನ್ನು ಡಬ್ಬಿಯ ಮೇಲೆ ಎತ್ತಿಟ್ಟು, ಚಕ್ರ ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡಿ ನೋಡಿದೆ. ಚಕ್ರ ನಿಂತಿತು. ಈಗಲೂ ಆಡಲು ಇಳಿಯುವ ಮುಂಚೆ ಪ್ರತಿ ಸಲ ಇದನ್ನು ಹುಡುಗನೇ ಮಾಡುತ್ತಾನೆ. ಆನ್ ಮಾಡುವಾಗ ರಿಮೋಟ್ ಮೊದಲು, ಆಫ್ ಮಾಡುವಾಗ ಗಾಡಿ ಮೊದಲು ಎನ್ನುವುದೂ ಅವನಿಗೆ ಬಾಯಿಪಾಠ.

ಹೊಸ ರಿಮೋಟು ಬಂದ ಮೇಲೂ ಒಂದು ತೊಂದರೆ ಉಳಿದಿತ್ತು. ಪೂರ್ತಿ ತಿರುವು ತೆಗೆದುಕೊಂಡಾಗ ಗಾಡಿ ಗಕ್ಕನೆ ಸತ್ತು, ಒಂದು ಕ್ಷಣ ಬಿಟ್ಟು ಮತ್ತೆ ಏಳುತ್ತಿತ್ತು. ರೇಡಿಯೊದ್ದೇ ತಪ್ಪು ಎಂದುಕೊಂಡು ಎರಡು ವಾರ ಆಂಟೆನಾ ಸರಿಸುತ್ತ ಕೂತೆ. ತಪ್ಪು ಇದ್ದದ್ದು ಬೇರೆ ಕಡೆ. ಮುಂದಿನ ಚಕ್ರಗಳನ್ನು ತಿರುಗಿಸುವ ಪುಟ್ಟ ಮೋಟರ್ ಪೆಟ್ಟಿಗೆಯೇ ಸರ್ವೋ, ಓಡಿಸುವ ಮೋಟರಿನ ವೇಗ ನಿಯಂತ್ರಿಸುವುದು ಇಎಸ್‌ಸಿ. ಕಾರಿನ ಬ್ಯಾಟರಿಯಿಂದ ರಿಸೀವರ್‌ಗೂ ಸರ್ವೋಗೂ ವೋಲ್ಟೇಜ್ ಇಳಿಸಿ ಕೊಡುವುದು ಇಎಸ್‌ಸಿಯೊಳಗಿನ ಬಿಇಸಿ ಎಂಬ ಭಾಗ. ನನ್ನ ಹಳೆಯ ಇಎಸ್‌ಸಿಯ ಬಿಇಸಿ 1 ಆಂಪಿಯರಿನದು. ಜೋರಿರಲಿ ಎಂದು ಹಾಕಿದ್ದ ಲೋಹದ ಗೇರಿನ ಸರ್ವೋ, ಚಕ್ರ ಸಿಕ್ಕಿಕೊಂಡಾಗ 2.5 ಆಂಪಿಯರ್‌ವರೆಗೆ ಎಳೆಯುವಂಥದ್ದು. ಸರ್ವೋ ಹೀರಿದೊಡನೆ ವೋಲ್ಟೇಜ್ ಕುಸಿದು, ಪಾಪ, ರಿಸೀವರ್ ಉಸಿರು ಕಟ್ಟಿ ಮತ್ತೆ ಶುರುವಾಗುತ್ತಿತ್ತು.

ಹಾಗಾಗಿ ಇಎಸ್‌ಸಿ ಬದಲಿಸಿ, ಬಿಇಸಿ ಹೆಚ್ಚು ಆಂಪಿಯರ್ ಕೊಡುವ ಹಾಬಿವಿಂಗ್ ಕ್ವಿಕ್‌ರನ್ 1060 ಹಾಕಿದೆ. ಬ್ರಷ್ ಇರುವ 540 ಮೋಟರಿಗೆ ಹೇಳಿ ಮಾಡಿಸಿದಂಥದ್ದು. ಅದರ ಜತೆಗೆ ಜಿಟಿ5ನ ಇಪಿಎ (ಆಜ್ಞೆ ಎಲ್ಲಿಯವರೆಗೆ ಹೋಗಬೇಕೆಂದು ಮಿತಿ ಹಾಕುವ) ಮೆನುವಿನಲ್ಲಿ ಸ್ಟಿಯರಿಂಗ್ ಮಿತಿಯನ್ನು ಇಳಿಸುತ್ತ ಬಂದೆ. ಪೂರ್ತಿ ತಿರುಗಿಸಿದಾಗ ಸರ್ವೋ 'ಗುಂಯ್' ಎನ್ನುತ್ತಿದ್ದರೆ ಚಕ್ರ ತಿರುಗಿ ನಿಂತ ಮೇಲೂ ಅದು ತಳ್ಳುತ್ತಿದೆ ಎಂದರ್ಥ, ಆ ಸದ್ದು ನಿಲ್ಲುವ ತನಕ ಇಳಿಸಿ. ಅಲ್ಲಿಂದ ಇಲ್ಲಿಯವರೆಗೆ ಗಾಡಿ ನಡುದಾರಿಯಲ್ಲಿ ಸತ್ತಿಲ್ಲ. ಥ್ರಾಟಲ್‌ನ ಇಪಿಎ ಮೊದಲ ಆರು ತಿಂಗಳು ಶೇಕಡಾ 50ರಲ್ಲಿತ್ತು, ಈಗ 80. ಹುಡುಗ ಬೆಳೆದಂತೆ ಗಾಡಿಯೂ ಬೆಳೆಯಿತು. ಈ ರಿಮೋಟಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

1060ರಲ್ಲಿ ಬ್ಯಾಟರಿ ಯಾವುದೆಂದು ತಿಳಿಸಲು ಪುಟ್ಟ ಜಂಪರ್ ಇದೆ. 2ಎಸ್ ಲಿಪೊ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕಿಯೂ ಅದನ್ನು ನಿಕ್ಕಲ್ ಬ್ಯಾಟರಿಯ ಕಡೆಗೇ ಬಿಟ್ಟರೆ, ಚಾರ್ಜ್ ತೀರ ಇಳಿದಾಗ ಇಎಸ್‌ಸಿ ಮೋಟರನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸದೆ ಬ್ಯಾಟರಿ ಹಾಳಾಗುತ್ತದೆ. ಆನ್ ಆದಾಗ ಎರಡು ಸಲ ಬೀಪ್ ಕೇಳಿಸಿದರೆ 2ಎಸ್ ಲಿಪೊ ಎಂದು ಗುರುತಿಸಿದೆ. ಇನ್ನು ರಿವರ್ಸ್ ಬರುತ್ತಿಲ್ಲ ಎಂದು ಗಾಬರಿಯಾಗಬೇಡಿ. ಟ್ರಿಗರನ್ನು ಎಳೆಯುವ ಬದಲು ಮುಂದಕ್ಕೆ ತಳ್ಳಿದರೆ ಮೊದಲ ಸಲ ಬ್ರೇಕು, ಬಿಟ್ಟು ಮತ್ತೊಮ್ಮೆ ತಳ್ಳಿದರೆ ರಿವರ್ಸು.

ಬಿಎಸ್6ರಲ್ಲಿ ಗೈರೊ ಕೂಡ ಇದೆ. ಮಣ್ಣಿನಲ್ಲಿ ಹಿಂಭಾಗ ಜಾರಿದಾಗ ಸ್ಟಿಯರಿಂಗನ್ನು ತಾನೇ ತಿದ್ದುತ್ತದೆ. ನಾನು ಮೊದಲ ಎರಡು ತಿಂಗಳು ಬೇಕೆಂದೇ ಆಫ್ ಮಾಡಿದ್ದೆ. ಜಾರಿದ ಗಾಡಿಯನ್ನು ಹಿಡಿಯುವುದು ಕೈಗೇ ಬರಲಿ ಎಂದು.

ರಿಮೋಟಿಗೆ 4 ಎಎ ಸೆಲ್ ಸಾಕು, ಚಾರ್ಜ್ ಆಗುವಂಥವನ್ನೇ ಹಾಕಿ. ಒಂದು ವಿಷಯ ನೆನಪಿರಲಿ: ರಿಸೀವರ್ ಇದರದೇ ಎಎಫ್‌ಎಚ್‌ಡಿಎಸ್ 2ಎ ಪದ್ಧತಿಯದ್ದಾಗಿರಬೇಕು, ಇಲ್ಲದಿದ್ದರೆ ಜೋಡಿಯಾಗುವುದಿಲ್ಲ. ಇದರ ನೆನಪಿನಲ್ಲಿ 20 ಗಾಡಿಗಳಿಗೆ ಜಾಗವಿದೆ, ಹಾಗಾಗಿ ಎರಡನೇ ಗಾಡಿಗೆ ರಿಸೀವರ್ ಒಂದನ್ನೇ ಕೊಂಡರಾಯಿತು. ಮಳೆಗಾಲದಲ್ಲಿ ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿಗೆ ದಾರ ಕಟ್ಟುತ್ತೇನೆ. ಆದರೂ ನೀರಿನ ಹೊಂಡಕ್ಕೆ ಇಳಿಸುವುದಿಲ್ಲ.

ಕೊಳ್ಳಲು ಹೋದಾಗ ಸರ್ವೋ ಗರಿಷ್ಠ ಎಷ್ಟು ಆಂಪಿಯರ್ ಎಳೆಯುತ್ತದೆ, ಇಎಸ್‌ಸಿಯ ಬಿಇಸಿ ಎಷ್ಟು ಕೊಡುತ್ತದೆ, ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಎರಡನೆಯದು ದೊಡ್ಡದಿದ್ದರೆ ಮಾತ್ರ ದುಡ್ಡು ಕೊಡಿ.