ಜೇಬಿಗೆ ರಿಕೋ, ಕೊರಳಿಗೆ ಫ್ಯೂಜಿ

ದಿನಾ ಜೊತೆಗಿರುವ ಕ್ಯಾಮೆರಾ ಅಂತ ರಿಕೋ ಜಿಆರ್ 3 ತಗೊಳ್ಳೋದಾ, ಫ್ಯೂಜಿಫಿಲ್ಮ್ ಎಕ್ಸ್100ವಿಐ ತಗೊಳ್ಳೋದಾ? ಎರಡರಲ್ಲೂ ಬೆಳಕು ಹಿಡಿಯುವ ಚಿಪ್ಪು, ಅಂದರೆ ಸೆನ್ಸರ್, ಒಂದೇ ಅಳತೆಯದು (ಎಪಿಎಸ್-ಸಿ), ಎರಡಕ್ಕೂ ಜೂಮ್ ಇಲ್ಲ. ವ್ಯತ್ಯಾಸ ಇರುವುದು ತೂಕದಲ್ಲಿ ಮತ್ತು ಬಳಸುವ ರೀತಿಯಲ್ಲಿ.

2019ರ ರಿಕೋ ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ. ಪ್ಯಾಂಟಿನ ಜೇಬಿಗೆ ಹೋಗುತ್ತದೆ. 2024ರ ಫ್ಯೂಜಿ 521 ಗ್ರಾಂ. ಅದಕ್ಕೆ ಕೊರಳಪಟ್ಟಿಯೋ ಚೀಲವೋ ಬೇಕೇ ಬೇಕು.

ರಿಕೋದಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ನ್ಯಾಪ್ ಫೋಕಸ್. ಮೊದಲೇ ಫೋಕಸ್ ದೂರವನ್ನು ಎರಡು ಮೀಟರ್ ಅಂತ ಇಟ್ಟುಬಿಡಿ. ಬಟನ್ ಒಂದೇ ಸಲ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುವುದಿಲ್ಲ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನಾಕೆ ಮೊಳ ಹಾಕುತ್ತಾ ಮೊಣಕೈವರೆಗೆ ಮಲ್ಲಿಗೆ ಎಳೆಯುವ ಆ ಒಂದು ಕ್ಷಣ ಹೀಗೇ ಸಿಗುವುದು. 28 ಎಂಎಂನ ಅಗಲ ನೋಟವಾದ್ದರಿಂದ ಹತ್ತಿರ ಹೋಗಲೇಬೇಕು. ಸಂಕೋಚ ಇದ್ದರೆ ಇನ್ನೂ ಕಿರಿದಾದ 40 ಎಂಎಂ ನೋಟದ ಜಿಆರ್ 3ಎಕ್ಸ್ ನೋಡಿ.

ಫ್ಯೂಜಿಯ ಖುಷಿಯೇ ಬೇರೆ. ವ್ಯೂಫೈಂಡರಿಗೆ ಕಣ್ಣಿಟ್ಟರೆ ಚೌಕಟ್ಟಿನ ಆಚೆ ಇರುವುದೂ ಕಾಣುತ್ತದೆ. ಯಾರಾದರೂ ಒಳಗೆ ಬರುತ್ತಿದ್ದರೆ ಮೊದಲೇ ಗೊತ್ತಾಗುತ್ತದೆ. 35 ಎಂಎಂ ನೋಟದ, ಹೆಚ್ಚು ಬೆಳಕು ಒಳಬಿಡುವ ಎಫ್/2 ಲೆನ್ಸ್ ಸಂಜೆ ಬೆಳಕಿಗೆ ಚೆನ್ನ. ರಿಕೋದಲ್ಲಿ ವ್ಯೂಫೈಂಡರ್ ಇಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಸರಿಯಾಗಿ ಕಾಣುವುದಿಲ್ಲ. ಬ್ಯಾಟರಿಯೂ ಸುಮಾರು 200 ಚಿತ್ರಕ್ಕೆ ಮುಗಿಯುತ್ತದೆ, ಇನ್ನೊಂದು ಬ್ಯಾಟರಿ ಜೇಬಲ್ಲಿರಲಿ.

ಮಳೆಗೆ ರಿಕೋ ಆಗಲ್ಲ. ಫ್ಯೂಜಿಗೂ ಲೆನ್ಸ್ ಮುಂದೆ ಅಡಾಪ್ಟರ್ ರಿಂಗ್, ಫಿಲ್ಟರ್ ಹಾಕಿದರೆ ಮಾತ್ರ ಧೈರ್ಯ.

ಫೋಟೋಗೆಂದೇ ಹೊರಡುವವರಿಗೆ ಫ್ಯೂಜಿ. ಆಫೀಸು, ಬಸ್ಸು, ತರಕಾರಿ ಅಂತ ಓಡಾಡುವಾಗ ತೆಗೆಯುವವರಿಗೆ ನಾನು ಹೇಳುವುದು ರಿಕೋ.