ಕೆಂಪು ಬಣ್ಣದ ಪಟ್ಟಿಗೆ 6,000 ರೂಪಾಯಿ

ಮಗಳ ಸಿಇಟಿ ರ‍್ಯಾಂಕ್ ಬಂದ ವಾರ ತುಮಕೂರಿನ ಒಂದು ಅಡ್ಮಿಷನ್ ಗೈಡೆನ್ಸ್ ಸೆಂಟರ್‌ಗೆ ಹೋಗಿದ್ದೆವು. ಹೆಸರು ಹಾಕುವುದಿಲ್ಲ, ಇಂಥವು ಈಗ ಎಲ್ಲ ಊರಲ್ಲೂ ಇವೆ, ಬಸ್ ಸ್ಟ್ಯಾಂಡ್ ಪಕ್ಕ ಮಹಡಿ ಮೇಲೆ ಫ್ಲೆಕ್ಸ್ ಹಾಕಿಕೊಂಡಿರುತ್ತಾರೆ. ಫೀಸು 6,000. ನನ್ನ ಲೆಕ್ಕದಲ್ಲಿ 5ಕ್ಕೆ 2 ಸ್ಟಾರ್.

ನನಗೆ ಇದೆಲ್ಲ ಹೊಸದು. ನನ್ನದು ಕೊಬ್ಬರಿ ವ್ಯಾಪಾರ, ತಿಪಟೂರು ಮಾರ್ಕೆಟ್ ಗೊತ್ತು, ಸೀಟು ಮಾರ್ಕೆಟ್ ಗೊತ್ತಿಲ್ಲ. ಮಗಳಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 300ಕ್ಕೆ 262 ಬಂದಿತ್ತು. ಊರಲ್ಲೆಲ್ಲ ಪೇಡ ಹಂಚಿದ್ದೂ ಆಗಿತ್ತು. ಆದರೆ ಸಿಇಟಿಯಲ್ಲಿ 180ಕ್ಕೆ 98. ಇಂಜಿನಿಯರಿಂಗ್‌ಗೆ ಎರಡನ್ನೂ ಅರ್ಧ ಅರ್ಧ ತೆಗೆದುಕೊಳ್ಳುತ್ತಾರೆ, ಅಂದರೆ 87.33 ಮತ್ತು 54.44 ಕೂಡಿಸಿ ಎರಡರಿಂದ ಭಾಗಿಸಿದರೆ 70.89. ರ‍್ಯಾಂಕ್ 20,000ದ ಆಚೆ ಹೋಯಿತು. 262 ನೋಡಿ ನಾನು ಮನಸ್ಸಲ್ಲೇ ಕಟ್ಟಿಕೊಂಡಿದ್ದ ಕಾಲೇಜು ಅವತ್ತೇ ಬಿದ್ದುಹೋಯಿತು.

ಸೆಂಟರ್‌ನಲ್ಲಿ ಮೊದಲು ಸಿಕ್ಕಿದ್ದು ಮುಂದಿನ ಟೇಬಲ್‌ನ ಹುಡುಗಿ. ಎರಡು ಸ್ಟಾರ್ ಕೊಟ್ಟಿರುವುದು ಆ ಹುಡುಗಿಗೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಗುರುತಿನ ಸಂಖ್ಯೆ) ಒಂದೊಂದೇ ಅಂಕಿ ನೋಡಿದಳು. ಮಾರ್ಕ್ಸ್ ಕಾರ್ಡಲ್ಲಿ ಮಗಳ ಇನಿಷಿಯಲ್ ಹೆಸರಿನ ಹಿಂದೆ, ಜಾತಿ ಪತ್ರದಲ್ಲಿ ಮುಂದೆ ಇದೆ ಅಂತ ಹಿಡಿದಳು. "ಅಂಕಲ್, ಒಂದರಿಂದ ಹತ್ತು ಹಳ್ಳಿಲೇ ಓದಿರೋದಲ್ವಾ, ರೂರಲ್ ಸರ್ಟಿಫಿಕೇಟ್‌ಗೆ ಬಿಇಒ ಸೈನ್ ಆಗಿದೆಯಾ?" ಅಂತ ಕೇಳಿದ್ದೂ ಅವಳೇ. ಆಗಿತ್ತು. ಕನ್ನಡ ಮಾಧ್ಯಮದ ಮೀಸಲಾತಿ ಮಾತ್ರ ನಮಗೆ ಇಲ್ಲ. ಐದನೇ ಕ್ಲಾಸ್ ಆದ ಮೇಲೆ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದು ನಾನೇ, ಯಾರನ್ನು ಬೈಯಲಿ.

ಆಮೇಲೆ ಒಳಗೆ ಕರೆದರು. ಒಳಗಿದ್ದ ಸರ್ ಲ್ಯಾಪ್‌ಟಾಪಲ್ಲಿ ರ‍್ಯಾಂಕ್ ಒತ್ತಿ ನಾಲ್ಕು ಹಾಳೆ ಕಲರ್ ಪ್ರಿಂಟ್ ಕೊಟ್ಟರು. ಹಸಿರು ಅಂದರೆ ಪಕ್ಕಾ ಸಿಗುತ್ತದೆ, ಹಳದಿ ಅಂದರೆ ನೋಡಬಹುದು, ಕೆಂಪು ಅಂದರೆ ಮರೆತುಬಿಡಿ. ಮಗಳು ಮನೆಯಲ್ಲಿ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದ ಕಾಲೇಜುಗಳೆಲ್ಲ ಕೆಂಪು. ಬೆಂಗಳೂರು ಕೆ.ಆರ್. ಸರ್ಕಲ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಯುವಿಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಕೆಂಪಾಗಿದ್ದು ಸರಿಯೇ, ಅದು ಸುಮ್ನೆ ಆಸೆಗೆ ಬರೆದದ್ದು. ಮಿಕ್ಕ ಕಾಲೇಜುಗಳೂ ಕೆಂಪು ಅಂದಾಗ ಅವಳ ಮುಖ ನೋಡೋಕೆ ಆಗಲಿಲ್ಲ. ಸರ್ ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ, "ಡೈರೆಕ್ಟ್ ಸೀಟ್ ಒಂದು ಮಾಡಿಸಬಹುದು ಸರ್, ಈಗಲೇ ಟೋಕನ್ ಅಡ್ವಾನ್ಸ್ ಕೊಟ್ಟರೆ ರೇಟು ಕಡಿಮೆ" ಅಂದರು. ಡೈರೆಕ್ಟ್ ಸೀಟ್ ಅಂದರೆ ಮ್ಯಾನೇಜ್‌ಮೆಂಟ್ ಕೋಟಾ. ರೇಟು ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.

ಯೋಚನೆ ಮಾಡಿ ಹೇಳುತ್ತೇನೆ ಅಂತ ಎದ್ದು ಬಂದೆ. ಬಸ್ಸಲ್ಲಿ ಇಬ್ಬರೂ ಮಾತಾಡಲಿಲ್ಲ. ಗುಬ್ಬಿ ದಾಟಿದ ಮೇಲೆ ಮಗಳು ಮೊಬೈಲಲ್ಲಿ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿಂದ ಹೋದ ವರ್ಷದ ಕಟಾಫ್ (ಕೊನೆಗೆ ಸೀಟು ಸಿಕ್ಕ ರ‍್ಯಾಂಕ್) ಪಿಡಿಎಫ್ ಇಳಿಸಿ, ಸೆಂಟರ್‌ನವರ ಹಾಳೆಯನ್ನು ತೊಡೆ ಮೇಲೆ ಇಟ್ಟುಕೊಂಡು ಒಂದೊಂದೇ ಹೋಲಿಸಿದಳು. ಆ ಪಿಡಿಎಫ್‌ನಲ್ಲಿ ಪ್ರತಿ ಕಾಲೇಜು, ಪ್ರತಿ ಬ್ರಾಂಚಿನ ಎದುರು ಉದ್ದಕ್ಕೆ ಕಾಲಂ ಇರುತ್ತವೆ: 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಆರ್ ಹೀಗೆ. 2ಎ ಅಂದರೆ ಹಿಂದುಳಿದ ವರ್ಗದ ಒಂದು ಗುಂಪು, ಜಿಎಂ ಅಂದರೆ ಸಾಮಾನ್ಯ ವರ್ಗ; 2ಎ ಮುಂದಿನ ಜಿ ಅಂದರೆ ಬೇರೆ ಮೀಸಲಾತಿ ಇಲ್ಲದ್ದು, ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ. ನಮ್ಮದು 2ಎ, ಜೊತೆಗೆ ಗ್ರಾಮೀಣ, ಅಂದರೆ 2ಎಆರ್ ಕಾಲಂ ನೋಡಬೇಕು. "ಅಪ್ಪ, ಇವರು 2ಎಜಿ ನೋಡವ್ರೆ" ಅಂದಳು. ಮುಂದಿನ ಟೇಬಲ್‌ನಲ್ಲಿ ಕೇಳಿ ಕೇಳಿ ತೆಗೆದುಕೊಂಡ ರೂರಲ್ ಸರ್ಟಿಫಿಕೇಟ್ ಒಳಗಿನ ಲ್ಯಾಪ್‌ಟಾಪಿಗೆ ತಲುಪಿರಲೇ ಇಲ್ಲ! ಸರಿಯಾದ ಕಾಲಂ ನೋಡಿದರೆ ಕೆಂಪಿನಲ್ಲಿದ್ದ ಆರು ಕಾಲೇಜು ಹಳದಿಗೆ ಬಂದವು. ಒಂದು ಹಸಿರೇ ಆಯಿತು. ಅದೂ ಮೊದಲನೇ ಸುತ್ತಿನ ಕಟಾಫ್‌ನಲ್ಲಿ. ಮುಂದಿನ ಸುತ್ತುಗಳಲ್ಲಿ ಜನ ಬಿಟ್ಟು ಹೋಗುತ್ತಾ ಇನ್ನೂ ಹಿಂದಿನ ರ‍್ಯಾಂಕಿಗೂ ಸೀಟು ಸಿಗುವುದುಂಟು.

ಹೋದ ವರ್ಷದ ಕಟಾಫ್ ಅಂದರೆ ಹೋದ ವಾರದ ಕೊಬ್ಬರಿ ರೇಟಿದ್ದ ಹಾಗೆ. ಅಂದಾಜಿಗೆ ಬೇಕು, ಅದನ್ನೇ ನಂಬಿ ಲಾರಿ ಲೋಡ್ ಮಾಡೋಕೆ ಆಗುವುದಿಲ್ಲ. ಇದು ನನಗೂ ಗೊತ್ತು. ಆದರೆ ಬೇರೆ ಮಾಲಿನ ರೇಟು ಹೇಳಿ ದುಡ್ಡು ಇಸಕೊಂಡರೆ ಏನನ್ನಬೇಕು?

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ಪಟ್ಟಿ ಹಾಕುವುದು) ಮಾಡುವಾಗ "ಪಕ್ಕಾ ಸಿಗೋದನ್ನ ಮೇಲೆ ಹಾಕಿ, ಆಸೆಯದ್ದು ಕೆಳಗೆ ಹಾಕಿ" ಅಂದಿದ್ದರು. ಇದು ಪೂರ್ತಿ ಉಲ್ಟಾ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತದೆ, ಮೊದಲು ಎಲ್ಲಿ ಸೀಟು ಇದೆಯೋ ಅಲ್ಲಿ ನಿಲ್ಲುತ್ತದೆ. ಪಕ್ಕಾ ಸಿಗುವುದನ್ನೇ ಒಂದನೇದು ಮಾಡಿದರೆ ಅದೇ ಸಿಗುತ್ತದೆ, ಕೆಳಗಿನದನ್ನು ಯಾರೂ ನೋಡುವುದೇ ಇಲ್ಲ. ಆಸೆಯದ್ದನ್ನು ಮೇಲೆ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ, ಅದು ಸಿಗದಿದ್ದರೆ ಕಂಪ್ಯೂಟರ್ ಮುಂದಿನದಕ್ಕೆ ಹೋಗುತ್ತದೆ ಅಷ್ಟೇ. ಇಷ್ಟು ಗೊತ್ತಿಲ್ಲದೆ ಅಂಗಡಿ ಇಟ್ಟಿದ್ದಾರಾ, ಗೊತ್ತಿದ್ದೂ ಹೀಗೆ ಹೇಳುತ್ತಾರಾ ಅಂತ ನನಗೆ ಇವತ್ತಿಗೂ ಅನುಮಾನ. ಸೀಟು ಕೆಟ್ಟದು ಸಿಕ್ಕರೆ ಅಪ್ಪ ಡೈರೆಕ್ಟ್ ಸೀಟಿಗೆ ಬರುತ್ತಾನಲ್ಲ.

ಕೊನೆಗೆ ಮಗಳೇ ಕೂತು 38 ಆಪ್ಷನ್ ಹಾಕಿದಳು, ಯುವಿಸಿಇ ಒಂದನೇದು. ನಾನು ಸೇರಿಸಿದ್ದು ಒಂದೇ, ಹಾಸ್ಟೆಲ್ ಕಾಲೇಜ್ ಒಳಗೇ ಇರುವ ಕಡೆ ಎರಡು ಸ್ಥಾನ ಮೇಲೆ ಹಾಕು ಅಂದೆ, ಅದಕ್ಕೂ ಜಗಳ ಆಯಿತು. ಮಾಕ್ ಅಲಾಟ್‌ಮೆಂಟಲ್ಲಿ, ಅಂದರೆ ನಿಜವಾದ ಸುತ್ತಿಗೆ ಮುಂಚಿನ ಅಣಕು ಹಂಚಿಕೆಯಲ್ಲಿ, 9ನೇ ಆಪ್ಷನ್ ಬಂತು. ನಿಜವಾದ ಮೊದಲ ಸುತ್ತಲ್ಲಿ 11ನೇದು, ಎಲೆಕ್ಟ್ರಾನಿಕ್ಸ್. ಮಾಕ್ ನೋಡಿ ಹಿಗ್ಗಬೇಡಿ, ಅದಾದ ಮೇಲೆ ಎಲ್ಲರೂ ಆಪ್ಷನ್ ಬದಲಾಯಿಸುತ್ತಾರೆ. ಛಾಯ್ಸ್ 2 ಒತ್ತಿದೆವು, ಅಂದರೆ ಈ ಸೀಟು ಇರಲಿ, ಮೇಲಿನದು ಬಂದರೆ ಅದಕ್ಕೆ ಹೋಗುತ್ತೇವೆ ಅಂತ. ಎರಡನೇ ಸುತ್ತಲ್ಲಿ 8ನೇದು ಸಿಕ್ಕಿತು. ಸೆಂಟರ್‌ನವರ ಹಾಳೆ ತೆಗೆದು ನೋಡಿದೆ, ಎರಡನೇ ಪುಟದಲ್ಲಿತ್ತು, ಕಡು ಕೆಂಪು.

ಮಗಳು ಕಾಲೇಜು ಸೇರಿ ಎರಡು ವಾರ ಆಯಿತು. ನಿನ್ನೆ ಮಧ್ಯಾಹ್ನ ಆ ಸೆಂಟರ್‌ನಿಂದ ಫೋನ್ ಬಂದಿತ್ತು, "ಸರ್, ಡೈರೆಕ್ಟ್ ಸೀಟು ಇನ್ನೂ ಎರಡು ಉಳಿದಿದೆ" ಅಂತ.