ಈ ವಾರ ಎಲ್ಲಿಗೆ? ಪೇಟೆಯ ಟಿಕೆಟ್ ಸಂಗೀತ, ಗದ್ದೆಯ ಆಟ, ದೇವಸ್ಥಾನದ ಕೂಟ

ಮೊದಲೇ ಹೇಳಿಬಿಡುತ್ತೇನೆ. ಈ ವಾರ ನಾನೂ ಅಮ್ಮನೂ ಹೋಗುವುದು ಭಾನುವಾರ ಮಧ್ಯಾಹ್ನದ ತಾಳಮದ್ದಳೆ ಕೂಟಕ್ಕೆ.

ಮನೆಯಲ್ಲಿ ಮೂರು ಆಮಂತ್ರಣ ಬಂದು ಕೂತಿವೆ. ಶನಿವಾರ ಸಂಜೆ ಕಾಸರಗೋಡು ಪೇಟೆಯಲ್ಲಿ ಶಾಸ್ತ್ರೀಯ ಸಂಗೀತ, ತಲೆಗೆ 300 ರೂಪಾಯಿ. ಅದೇ ರಾತ್ರಿ ಪಕ್ಕದ ಊರಿನ ಗದ್ದೆಯಲ್ಲಿ ಹರಕೆಯ ಆಟ, ಅಂದರೆ ಯಕ್ಷಗಾನ. ಮರುದಿನ ಮಧ್ಯಾಹ್ನ ಎರಡೂವರೆಗೆ ದೇವಸ್ಥಾನದಲ್ಲಿ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಫೆಬ್ರವರಿ ಬಂತೆಂದರೆ ನಮ್ಮ ಬದಿಯಡ್ಕದ ಸುತ್ತಮುತ್ತ ಹೀಗೆಯೇ. ಜಾತ್ರೆ, ಆಟ, ಭೂತದ ಕೋಲ ಅಂತ ಒಂದರ ಮೇಲೊಂದು. ಮೇ ಕೊನೆಗೆ ಪತ್ತನಾಜೆಯ ದಿನ ಬಂದು ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವವರೆಗೆ ಬಿಡುವಿಲ್ಲ.

ಈ ಮೂರು ಬಗೆಯ ಕಾರ್ಯಕ್ರಮಗಳಿಗೂ ಕಳೆದ ಎರಡು ತಿಂಗಳಲ್ಲಿ ಹೋಗಿ ಬಂದಿದ್ದೇನೆ. ಒಂದರಲ್ಲಿ ದುಡ್ಡು ಹೋಯಿತು. ಇದನ್ನು ಬರೆಯಬೇಕು ಅನ್ನಿಸಿದ್ದು ಅದಾದ ಮೇಲೆಯೇ.

ನನ್ನ ಸ್ಥಿತಿ ಹೇಳದಿದ್ದರೆ ನನ್ನ ಆಯ್ಕೆ ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ವಾಹನ ಇಲ್ಲ. ಎಲ್ಲಿಗೆ ಹೋದರೂ ಬಸ್ಸು. ಬೆಳಗ್ಗೆ ಆರಕ್ಕೆ ನಾನು ಹಾಲಿನ ಸೊಸೈಟಿಯ ಬಾಗಿಲು ತೆರೆಯಬೇಕು, ಭಾನುವಾರವೂ ರಜೆ ಇಲ್ಲ. ಅಮ್ಮನಿಗೆ 74. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಬಾಕಿ. ಮಂಡಿ ನೋವೂ ಉಂಟು. ಆದರೆ ಆಟ ಅಂದರೆ, ಹಾಡು ಅಂದರೆ ನನಗಿಂತ ಮೊದಲು ಸೀರೆ ಉಟ್ಟು ಕೂರುವವರು ಅವರು. ಇಂಥದ್ದಕ್ಕೆಲ್ಲ ತಿಂಗಳಿಗೆ 500 ರೂಪಾಯಿ ಎತ್ತಿಡುತ್ತೇನೆ.

ಮೊದಲು ಸಂಗೀತದ ಕತೆ.

ಜನವರಿಯಲ್ಲಿ ಪೇಟೆಯ ಒಂದು ಸಭಾಭವನದಲ್ಲಿ ಕಛೇರಿ ಇತ್ತು. ಒಳ್ಳೆಯ ಗಾಯಕಿ, ಒಳ್ಳೆಯ ಪಕ್ಕವಾದ್ಯ. ಆಮಂತ್ರಣದಲ್ಲಿ ಸಂಜೆ 5.30 ಅಂತ ದಪ್ಪ ಅಕ್ಷರದಲ್ಲಿತ್ತು. ಎರಡು ಟಿಕೆಟಿಗೆ 600 ಕೊಟ್ಟೆ. ಅಮ್ಮನ ಕೈ ಹಿಡಿದುಕೊಂಡು ಐದು ಗಂಟೆಗೇ ಹೋಗಿ ಮೂರನೇ ಸಾಲಿನಲ್ಲಿ ಕೂತೆವು. ನಮ್ಮ ಒಳದಾರಿಗೆ ಕೊನೆಯ ಬಸ್ಸು ರಾತ್ರಿ 8.20ಕ್ಕೆ. ಎರಡೂವರೆ ಗಂಟೆ ಕೇಳಲಿಕ್ಕೆ ಸಿಗುತ್ತದೆ, ಧಾರಾಳವಾಯಿತು ಅಂದುಕೊಂಡಿದ್ದೆ.

ಪರದೆ ಸರಿದದ್ದು 6.10ಕ್ಕೆ. ನೋಡಿದರೆ ವೇದಿಕೆಯಲ್ಲಿ ತಂಬೂರಿ ಇಲ್ಲ, ಒಂಬತ್ತು ಕುರ್ಚಿ. ಪ್ರಾರ್ಥನೆ ಆಯಿತು, ದೀಪ ಬೆಳಗಿಸಿದ್ದಾಯಿತು. ಸ್ವಾಗತ ಮಾಡಿದವರು ಒಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಪರಿಚಯಿಸಿದರು. ಪ್ರಸ್ತಾವನೆಗೆ ಬಂದವರು ಅದೇ ಹೆಸರುಗಳನ್ನು ಮತ್ತೆ ಹೇಳಿದರು. ಆಮೇಲೆ ಒಂಬತ್ತೂ ಜನ ಮಾತಾಡಿದರು. 'ಎರಡೇ ಮಾತು' ಅಂತ ಶುರು ಮಾಡಿದವರು ಹದಿನೈದು ನಿಮಿಷ ತೆಗೆದುಕೊಂಡರು. ಆಮೇಲೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಪ್ರತಿಯೊಂದಕ್ಕೂ ಫೋಟೊ. ಅಮ್ಮ ಮೂರು ಸಲ ಕೇಳಿದರು, "ಹಾಡಿಗೆ ಇನ್ನು ಎಷ್ಟು ಹೊತ್ತು ಉಂಟು?" ಪಕ್ಕದಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗ ಪಾಪ ಮೂರು ಸಲವೂ "ಇನ್ನು ಐದೇ ನಿಮಿಷ ಅಮ್ಮ" ಅಂದ.

ಒಂದು ಮಾತು ಹೇಳಲೇಬೇಕು. ಸನ್ಮಾನ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಅವತ್ತು ಶಾಲು ಹೊದೆಸಿಕೊಂಡವರಲ್ಲಿ ಒಬ್ಬರು ಹಿರಿಯ ಮದ್ದಳೆಗಾರರು. ಅವರು ಮೂರು ನಿಮಿಷ ಮಾತಾಡಿದರು. ತಾನು ಹುಡುಗನಾಗಿದ್ದಾಗ ಗುರುಗಳ ಮನೆಯಲ್ಲಿ ಭತ್ತ ಕುಟ್ಟುತ್ತಾ ತಾಳ ಕಲಿತದ್ದನ್ನು ಹೇಳಿದರು. ಮೈಕಿನ ಎದುರಿನ ಮೇಜಿನ ಮೇಲೆಯೇ ಬೆರಳಿನಿಂದ ಆ ನಡೆ ನುಡಿಸಿ ತೋರಿಸಿದರು. ಇಡೀ ಸಂಜೆಯಲ್ಲಿ ನನಗೆ ನೆನಪಿರುವುದು ಅದೇ. ಅಂಥವರಿಗೆ ಅರ್ಧ ಗಂಟೆ ಕೊಟ್ಟರೂ ಕೇಳುತ್ತಿದ್ದೆ. ಅವರಿಗೆ ಸಿಕ್ಕಿದ್ದು ಮೂರೇ ನಿಮಿಷ. ನನಗೆ ಬೇಸರ ಅದಕ್ಕೇ.

ಸಭೆ ಮುಗಿದಾಗ 7.35. ಕುರ್ಚಿ ಎತ್ತಿ, ಜಮಖಾನ ಹಾಸಿ, ಮೈಕು ಸರಿ ಮಾಡಿ ಗಾಯಕಿ ಬಾಯಿ ತೆರೆದಾಗ 7.50. ವರ್ಣ ಮುಗಿಯಿತು. ಕಲ್ಯಾಣಿಯ ಆಲಾಪನೆ ಶುರುವಾಯಿತು. ಅಮ್ಮ ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದರು. ನಾನು ಅವರ ಮೊಣಕೈ ಮುಟ್ಟಿದೆ. ಎದ್ದೆವು. ಆಗ 8.08. ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ, ಅಮ್ಮನ ನಡಿಗೆಯಲ್ಲಿ ಹನ್ನೆರಡು.

ಟಿಕೆಟಿಗೆ 600, ಬಸ್ಸಿಗೆ ಹೋಗಿ ಬರಲು 112. ಒಟ್ಟು 712 ರೂಪಾಯಿ. ಕೇಳಿದ್ದು ಹದಿನೆಂಟು ನಿಮಿಷದ ಹಾಡು.

ಮರುದಿನ ಸಂಘಟಕರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ. ಸಭೆಯನ್ನು ಕಛೇರಿಯ ಕೊನೆಗೆ ಇಟ್ಟುಕೊಳ್ಳಬಹುದಲ್ವಾ ಅಂತ ಕೇಳಿದೆ. ಅವರು ನೇರವಾಗಿ ಹೇಳಿದರು: "ಕೊನೆಗೆ ಇಟ್ಟರೆ ಕೂರಲಿಕ್ಕೆ ಜನ ಇರುವುದಿಲ್ಲ." ಅಂದರೆ ಜನ ಬರುವುದು ಹಾಡಿಗೆ ಅಂತ ಅವರಿಗೂ ಗೊತ್ತುಂಟು. ಕಾರು ಇರುವವರು ಹತ್ತು ಗಂಟೆಯವರೆಗೂ ಕೂತು ಪೂರ್ತಿ ಕೇಳಿರುತ್ತಾರೆ. ಬಸ್ಸಿನಲ್ಲಿ ಬಂದವರಿಗೆ ಸಿಕ್ಕಿದ್ದು ಭಾಷಣ ಮಾತ್ರ. ಟಿಕೆಟಿನ ಬೆಲೆ ಮಾತ್ರ ಎಲ್ಲರಿಗೂ ಒಂದೇ.

ಈಗ ನಾನು ಆಮಂತ್ರಣ ಓದುವ ಕ್ರಮವೇ ಬೇರೆ. ಮೊದಲು ಹೆಸರುಗಳನ್ನು ಎಣಿಸುತ್ತೇನೆ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ಗೌರವ ಉಪಸ್ಥಿತಿ ಎಲ್ಲ ಸೇರಿ ಐದಕ್ಕಿಂತ ಜಾಸ್ತಿ ಇದ್ದರೆ ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ. ಸಭೆಗೆ ಒಂದು ಹೊತ್ತು, ಹಾಡಿಗೆ ಒಂದು ಹೊತ್ತು ಅಂತ ಬೇರೆ ಬೇರೆ ಹಾಕಿದ್ದರೆ ಸಮಾಧಾನ. ಇಲ್ಲದಿದ್ದರೆ ಕೆಳಗಿರುವ ನಂಬರಿಗೆ ಫೋನ್ ಮಾಡುತ್ತೇನೆ. 'ಕಾರ್ಯಕ್ರಮ ಎಷ್ಟು ಗಂಟೆಗೆ' ಅಂತ ಕೇಳಬೇಡಿ, ಅಚ್ಚಾದ ಹೊತ್ತನ್ನೇ ಹೇಳುತ್ತಾರೆ. 'ಹಾಡು ಶುರುವಾಗುವುದು ಎಷ್ಟು ಗಂಟೆಗೆ' ಅಂತ ಕೇಳಿ. ಈ ಶನಿವಾರದ ಆಮಂತ್ರಣದಲ್ಲಿ ಏಳು ಹೆಸರಿವೆ. ಫೋನ್ ಮಾಡಿದೆ. "ಏಳೂವರೆ ಆಗಬಹುದು" ಅಂದರು.

ಗದ್ದೆಯ ಆಟಕ್ಕೆ ದುಡ್ಡಿಲ್ಲ. ಹರಕೆ ಹೇಳಿಕೊಂಡ ಮನೆಯವರು ಊರಿಗೆಲ್ಲ ಊಟ ಹಾಕುತ್ತಾರೆ. ವೇಷ ಕಟ್ಟುವ ಚೌಕಿಯ ಹತ್ತಿರ ಹೋಗಿ ಬಣ್ಣ ಹಚ್ಚುವುದನ್ನು ನೋಡಬಹುದು. ಆಟ ಉಂಟು ಅಂತ ಸಾರಲು ಸಂಜೆ ಚೆಂಡೆಯಲ್ಲಿ 'ಕೇಳಿ' ಬಡಿಯುವ ಸದ್ದು ಗುಡ್ಡ ದಾಟಿ ನಮ್ಮ ಅಂಗಳಕ್ಕೂ ಬರುತ್ತದೆ. ರಾಕ್ಷಸ ವೇಷ ಜನರ ನಡುವಿನಿಂದ ಅಬ್ಬರಿಸುತ್ತಾ ಬರುವಾಗ, ದೊಂದಿಗೆ ರಾಳದ ಹುಡಿ ಎರಚಿ ಬೆಂಕಿ ಭಗ್ಗನೆ ಏಳುವಾಗ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

ತೊಂದರೆ ಇರುವುದು ಮುಗಿಯುವ ಹೊತ್ತಿನಲ್ಲಿ. ನಾನು ಚಿಕ್ಕವಳಿದ್ದಾಗ ಆಟ ಅಂದರೆ ಬೆಳಗಿನವರೆಗೆ. ಸಂಜೆಯ ಬಸ್ಸಿಗೆ ಚಾಪೆ ಸುತ್ತಿಕೊಂಡು ಹೋಗುವುದು, ನಿದ್ದೆ ಬಂದರೆ ಅಲ್ಲೇ ಮಲಗುವುದು, ಮಂಗಳ ಆದ ಮೇಲೆ ಬೆಳಗಿನ ಮೊದಲ ಬಸ್ಸಿಗೆ ಮನೆಗೆ. ಕತ್ತಲಲ್ಲಿ ಯಾರೂ ನಡೆಯಬೇಕಾಗಿರಲಿಲ್ಲ. ಈಗ ಬೇಗ ಮುಗಿಸುವ ಕಾಲಮಿತಿಯ ಆಟವೇ ಜಾಸ್ತಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಉತ್ಸವಗಳಿಗೆ ಸರಕಾರ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಮಲಗುವವರಿಗೆ, ಕಾಯಿಲೆಯವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಇದು ಒಳ್ಳೆಯದೇ. ಆದರೆ ನಡುರಾತ್ರಿ ಮಂಗಳ ಹಾಡಿದರೆ ನಮ್ಮಂಥವರು ಮನೆ ಸೇರುವುದು ಹೇಗೆ? ಕೊನೆಯ ಬಸ್ಸು ಹೋಗಿ ನಾಲ್ಕು ಗಂಟೆ ಆಗಿರುತ್ತದೆ, ಮೊದಲ ಬಸ್ಸಿಗೆ ಇನ್ನೂ ಆರು ಗಂಟೆ ಉಂಟು.

ಡಿಸೆಂಬರಿನಲ್ಲಿ ಹೋದಾಗ ಹೀಗೆಯೇ ಆಯಿತು. ಮಂಗಳ ಆದ ಮೇಲೆ ಗದ್ದೆಯ ಬದುವಿನಲ್ಲಿ ಅಮ್ಮನನ್ನು ಕೂರಿಸಿ, ನಮ್ಮ ಕಡೆಗೆ ಹೋಗುವ ಜೀಪು ಯಾವುದು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ನೆರೆಮನೆಯ ಭಾವ ಸಿಕ್ಕಿದ್ದರಿಂದ ಬಚಾವಾದೆವು. ಮಲಗಿದ್ದು ಒಂದೂವರೆಗೆ. ಬೆಳಗ್ಗೆ ಸೊಸೈಟಿಯಲ್ಲಿ ಒಬ್ಬರ ನಾಲ್ಕು ಲೀಟರ್ ಇನ್ನೊಬ್ಬರ ಲೆಕ್ಕಕ್ಕೆ ಹತ್ತಿಸಿಬಿಟ್ಟೆ. ಸಂಜೆ ಅವರ ಮನೆಗೆ ಹೋಗಿ ಸರಿಮಾಡಿದೆ. ಹಾಲು ಅಳೆಯುವ ಕೆಲಸದಲ್ಲಿ ಅಂಥ ತಪ್ಪು ಆಗಬಾರದು.

ಮೊಬೈಲಿನಲ್ಲಿ ನೇರಪ್ರಸಾರವೂ ಬರುತ್ತದೆ. ನೋಡಿದೆವು. ಅಮ್ಮ ಹತ್ತು ನಿಮಿಷದಲ್ಲಿ ನಿದ್ದೆ ಹೋದರು.

ಇನ್ನು ಕೂಟ.

ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರಾಗಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು. ಪದ ಅಂದರೆ ಹಾಡು, ಅದು ಮೊದಲೇ ಬರೆದದ್ದು; ಅರ್ಥ ಅಂದರೆ ಅದರ ಮೇಲಿನ ಮಾತು, ಅದು ಅಲ್ಲಲ್ಲೇ ಹುಟ್ಟಬೇಕು. ಕಣ್ಣು ಮಂಜಾದ ಅಮ್ಮನಿಗೆ ಇದಕ್ಕಿಂತ ಹೊಂದುವುದು ಬೇರೆ ಇಲ್ಲ. ಆಟದಲ್ಲಿ "ಈಗ ಯಾರು ಬಂದದ್ದು?" ಅಂತ ನನ್ನನ್ನು ಕೇಳುತ್ತಿರುತ್ತಾರೆ. ಕೂಟದಲ್ಲಿ ಅವರೇ ನನಗೆ ಹೇಳಿಕೊಡುತ್ತಾರೆ.

ಕಳೆದ ಸಲ ಹೋದಾಗ ವಾಲಿಯ ಕತೆ. ಪದಗಳು ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನಲ್ಲ, ನಿನಗೂ ನನಗೂ ಯಾವ ಜಗಳ, ಮರದ ಮರೆಯಲ್ಲಿ ನಿಂತದ್ದು ಯಾಕೆ ಅಂತ. ಆ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. ಉತ್ತರ ಮಾತ್ರ ಕೂಟದಿಂದ ಕೂಟಕ್ಕೆ ಬೇರೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ಶಿಕ್ಷೆ ಅಂತ ಧರ್ಮ ಹೇಳುವ ರಾಮನನ್ನು ಕೇಳಿದ್ದೇನೆ. ರಾಜನ ಅಧಿಕಾರದ ಮೇಲೆ ನಿಂತು ವಾದಿಸುವ ರಾಮನನ್ನೂ ಕೇಳಿದ್ದೇನೆ. ಅವತ್ತಿನ ಅರ್ಥಧಾರಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, ಮರೆಯಲ್ಲಿ ನಿಂತದ್ದು ನಿಜ, ಈ ಮಾತನ್ನು ನಾನು ಹೊತ್ತುಕೊಂಡೇ ತಿರುಗಬೇಕು ಅನ್ನುವ ಹಾಗೆ ಶುರುಮಾಡಿದರು. ವಾಲಿ ಹೇಳುತ್ತಿದ್ದವರಿಗೆ ಅದು ನಿರೀಕ್ಷೆಯಲ್ಲಿ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವರೂ ದಾರಿ ಬದಲಿಸಿದರು. ಹತ್ತಿರ ಹತ್ತಿರ ಇಪ್ಪತ್ತೈದು ನಿಮಿಷ ಇಬ್ಬರೂ ಹಾಗೇ ಹೋದರು. ಚಪ್ಪರದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಅಮ್ಮ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದವರು. 2006ರಲ್ಲಿ ಶೇಣಿಯವರು ಹೋದ ಮೇಲೆ ವಾಲಿ ಕೇಳುವುದನ್ನೇ ಬಿಟ್ಟಿದ್ದರು. ಅವತ್ತು ಬಸ್ಸು ಹತ್ತಿದ ಮೇಲೆ "ಇವತ್ತು ಬಂದದ್ದು ಒಳ್ಳೆಯದಾಯಿತು ಮಗಾ" ಅಂದರು.

ಅಕ್ಕನ ಮಗನೂ ಜೊತೆಗಿದ್ದ. ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಊರಿನ ಮಕ್ಕಳ ಕಿವಿಗೆ ಕನ್ನಡ ಬೀಳುವ ಜಾಗ ಕಡಿಮೆ ಆಗುತ್ತಲೇ ಬಂದಿದೆ. ಕೂಟದಲ್ಲಿ ಮೂರೂವರೆ ಗಂಟೆ ಬರೀ ಕನ್ನಡ, ಒಂದು ಇಂಗ್ಲಿಷ್ ಮಾತು ನುಸುಳುವುದಿಲ್ಲ. ಮೊದಲ ಅರ್ಧ ಗಂಟೆ ಅವನು ಚಡಪಡಿಸಿದ, ಅದು ನಿಜ. ಬಸ್ಸಿನಲ್ಲಿ ಬರುವಾಗ ಮಾತ್ರ ರಾಮ ಮಾಡಿದ್ದು ತಪ್ಪು ಅಂತ ಅಜ್ಜಿಯ ಹತ್ತಿರ ವಾದಕ್ಕೇ ಇಳಿದ, ಕನ್ನಡದಲ್ಲೇ.

ಕೂಟಕ್ಕೂ ಕೊರತೆ ಉಂಟು. ತಗಡಿನ ಚಪ್ಪರ, ಸೆಕೆ ತಡೆಯುವುದಿಲ್ಲ. ಮೈಕು ಆಗಾಗ ಕಿರುಚುತ್ತದೆ. ಸಣ್ಣ ಪಾತ್ರಕ್ಕೆ ಕೂತವರು ಕೆಲವೊಮ್ಮೆ ಉದ್ದ ಎಳೆಯುತ್ತಾರೆ. ಸಭೆ ಇಲ್ಲಿಯೂ ಇತ್ತು, ಹನ್ನೆರಡು ನಿಮಿಷ.

ಖರ್ಚು: ನಮ್ಮಿಬ್ಬರ ಬಸ್ಸಿಗೆ 60, ಕಾಣಿಕೆ ಡಬ್ಬಿಗೆ 50. ನಡುವೆ ಅವಲಕ್ಕಿ, ಚಹಾ ಅವರೇ ಕೊಟ್ಟರು. ಮುಗಿದದ್ದು ಆರು ಗಂಟೆಗೆ, ಬಸ್ಸು 6.40ಕ್ಕೆ. ಏಳೂಕಾಲಿಗೆ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು.

ನಿಮ್ಮಲ್ಲಿ ಸ್ಕೂಟರ್ ಇದ್ದು, ಬೆಳಗ್ಗೆ ಬೇಗ ಏಳುವ ಕೆಲಸ ಇಲ್ಲದಿದ್ದರೆ ಶನಿವಾರ ಆಟಕ್ಕೆ ಹೋಗಿ. ಸಣ್ಣ ಮಕ್ಕಳಿದ್ದರೆ ಪಿಲಿಕುಂಜೆಯ ಯಕ್ಷಗಾನ ಬೊಂಬೆಯಾಟದವರ ಪ್ರದರ್ಶನ ಎಲ್ಲಾದರೂ ಉಂಟಾ ಅಂತ ವಿಚಾರಿಸಿ, ಬಿಡಬೇಡಿ. ತೆಯ್ಯಂ, ಅಂದರೆ ಮಲಯಾಳದವರ ದೈವದ ಕೋಲ, ನೋಡಬೇಕು ಅನ್ನುವವರು ನೀಲೇಶ್ವರದ ಕಡೆಗೆ ಹೋಗಬೇಕು, ನಮಗೆ ದೂರ.

ಸಂಗೀತದ ಆಮಂತ್ರಣವನ್ನು ನೆರೆಮನೆಯ ಭಾವನ ಮಗನಿಗೆ ಕೊಟ್ಟಿದ್ದೇನೆ. ಅವನಿಗೆ ವಯೊಲಿನ್ ಅಂದರೆ ಪ್ರಾಣ, ಬೈಕೂ ಉಂಟು. ಏಳೂಕಾಲಿಗೆ ಹೋಗಿ ಕೂತರೆ ಸಾಕು ಅಂತ ಹೇಳಿದ್ದೇನೆ. ನಮಗೆ ಭಾನುವಾರ 1.40ರ ಬಸ್ಸು. ಈ ಸಲ ಕರ್ಣನ ಕತೆಯಂತೆ. ಕುರ್ಚಿ ಗಟ್ಟಿ ಅಂತ ಅಮ್ಮ ಈಗಲೇ ಒಂದು ಸಣ್ಣ ದಿಂಬು ತೆಗೆದಿಟ್ಟಿದ್ದಾರೆ, ಜೊತೆಗೆ ಎರಡು ಬೀಸಣಿಗೆ.